ಮಕ್ಕಳು ಸುಮ್ನೆ ಆಡುತ್ತಿಲ್ಲ

ಸಂಪಾದಕರಿಗೆ,

ಮಾನ್ಯರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮರಗೆಲಸ ಮಾಡುವವನು. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ ಮಾಡುತ್ತೇನೆ. ಪತ್ರಿಕೆಗೆ ಇದುವರೆಗೆ ಬರೆದವನಲ್ಲ. ಈ ಸಲ ಬರೆಯದೆ ಇರಲು ಆಗಲಿಲ್ಲ.

ಪ್ರವೇಶದ ಸಮಯದಲ್ಲಿ ಮಗಳನ್ನು ಕರೆದುಕೊಂಡು ಪೇಟೆಯ ಒಂದು ಶಾಲೆಗೆ ಹೋಗಿದ್ದೆ. ಅವಳಿಗೆ ನಾಲ್ಕೂವರೆ ವರ್ಷ. ನಮ್ಮ ಊರಿನ ತಂದೆ ತಾಯಂದಿರೇ ಸೇರಿ ನಡೆಸುವ ಶಿಶುವಿಹಾರಕ್ಕೆ ಹೋಗುತ್ತಾಳೆ, ಅಲ್ಲಿ ಆಟವೇ ಪಾಠ. ನನಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಮನೆಯ ಹಿರಿಯರು, ನೆಂಟರು, ಎಲ್ಲರದ್ದೂ ಒಂದೇ ಮಾತು. "ಆ ಆಟದ ಮನೇಲಿ ಬಿಟ್ಟು ಮಗೂನ ಹಾಳು ಮಾಡಬೇಡ, ಯುಕೆಜಿಗೆ ಹಾಕು." ಶಾಲೆಯಲ್ಲಿ ಅವಳ ಕೈಗೆ ಪೆನ್ಸಿಲ್ಲು, ಒಂದು ಬಿಳಿ ಹಾಳೆ ಕೊಟ್ಟರು. ಎಬಿಸಿಡಿ ಪೂರ್ತಿ, ಒಂದರಿಂದ ನೂರು ಬರೆಯಲು ಹೇಳಿದರು. ಅವಳು ಎರಡು ಉದ್ದ ಗೆರೆ ಎಳೆದಳು. ನಡುವೆ ಒಂದು ದಪ್ಪ ಅಡ್ಡಗೆರೆ ಹಾಕಿದಳು. "ಇದು ಕಾಲುವೆ, ಇದು ಕಟ್ಟ, ಇಲ್ಲಿ ನೀರು ನಿಂತಿದೆ" ಎಂದು ಬೆರಳಿಟ್ಟು ತೋರಿಸಿದಳು. ಅವರು ಹಾಳೆ ನೋಡಿ ನನ್ನ ಕಡೆ ತಿರುಗಿದರು. "ಏನೂ ಕಲಿಸಿಲ್ವಲ್ಲ ಇವಳಿಗೆ. ಒಂದು ವರ್ಷ ವೇಸ್ಟ್ ಮಾಡಿದ್ದೀರಿ" ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು: "ಅಪ್ಪಾ, ನಾನು ಕಟ್ಟ ತಪ್ಪು ಬರೆದ್ನಾ?"

"ಇಲ್ಲ ಮಗಾ" ಎಂದೆ, ಅಷ್ಟೆ. ಅವಳಿಗೆ ಅದು ಸಾಕಾಗಲಿಲ್ಲ, ನನಗೂ ಸಾಕಾಗಲಿಲ್ಲ. ಅವಳಂಥ ಮಕ್ಕಳು ಆಟದಲ್ಲಿ ಏನು ಕಲಿಯುತ್ತಾರೆ, ಹೇಗೆ ಕಲಿಯುತ್ತಾರೆ ಎಂದು ಹೇಳಲು ಈ ಪತ್ರ.

ನಮ್ಮ ಊರಿಂದ ಅಂಗನವಾಡಿ ಮೂರು ಕಿಲೋಮೀಟರ್. ನಡುವೆ ಒಂದು ಹಳ್ಳ ದಾಟಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹಳ್ಳದಲ್ಲಿ ದೊಡ್ಡವರು ಕಾಲಿಡಲೂ ಹೆದರುತ್ತಾರೆ. ಖಾಸಗಿ ಶಾಲೆಯ ವ್ಯಾನು ಬೆಳಿಗ್ಗೆ ಏಳೂವರೆಗೆ ಮುಖ್ಯರಸ್ತೆಗೆ ಬರುತ್ತದೆ. ಮೂರು ವರ್ಷದ ಮಗುವನ್ನು ಆರು ಗಂಟೆಗೆ ಎಬ್ಬಿಸಿ ಆ ಮಳೆಯಲ್ಲಿ ಎತ್ತಿಕೊಂಡು ಹೋಗಬೇಕು. ಎರಡೂ ಬೇಡ ಅನ್ನಿಸಿತು. ಹನ್ನೊಂದು ಮನೆಯವರು ಸೇರಿ ನಾವೇ ಒಂದು ಶಿಶುವಿಹಾರ ಶುರು ಮಾಡಿದೆವು. ಈಗ ಮೂರನೇ ವರ್ಷ. 14 ಮಕ್ಕಳಿದ್ದಾರೆ.

ಊರಲ್ಲಿ ಬೀಗ ಹಾಕಿದ್ದ ಒಂದು ಹಂಚಿನ ಮನೆ ಸಿಕ್ಕಿತು. ಆ ಮನೆಯ ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದಾರೆ. "ದೀಪ ಹಚ್ಚೋರು ಯಾರಾದ್ರೂ ಇದ್ರೆ ಸಾಕು" ಎಂದು ಬಾಡಿಗೆ ಇಲ್ಲದೆ ಕೊಟ್ಟರು. ಉದ್ದ ಜಗಲಿ, ಅಂಗಳ, ಹಿಂದೆ ಒಂದು ಹಲಸಿನ ಮರ. ಮಗುವಿಗೆ ತಿಂಗಳಿಗೆ 1,000 ರೂಪಾಯಿ ಹಾಕುತ್ತೇವೆ. ಕೈಲಾಗದ ಇಬ್ಬರು ಅರ್ಧ ಕೊಟ್ಟು, ಉಳಿದದ್ದಕ್ಕೆ ಅಕ್ಕಿ, ತೆಂಗಿನಕಾಯಿ ತರುತ್ತಾರೆ. ತರಬೇತಿ ಆದ ಒಬ್ಬ ಟೀಚರ್ ಇದ್ದಾರೆ. ಮಕ್ಕಳು ಅವರನ್ನು ಅಕ್ಕ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ದಿನಕ್ಕೆ ಇಬ್ಬರು ತಂದೆ ತಾಯಂದಿರ ಸರದಿ. ಒಬ್ಬರು ಮಕ್ಕಳ ಜೊತೆ, ಇನ್ನೊಬ್ಬರು ಅಡುಗೆಮನೆಯಲ್ಲಿ. ಅಪ್ಪಂದಿರೂ ಬರಲೇಬೇಕು ಎಂದು ಮೊದಲ ಸಭೆಯಲ್ಲೇ ತೀರ್ಮಾನ ಆಗಿತ್ತು. ನನ್ನ ಸರದಿ ಬುಧವಾರ.

ಮೊದಲ ಬುಧವಾರ ಅಕ್ಕ ನನಗೆ ಹೇಳಿದ್ದು ಇಷ್ಟೇ: "ನೀವು ಏನೂ ಹೇಳಿಕೊಡಬೇಡಿ. ಕೂತು ನೋಡಿ. ಮಕ್ಕಳು ಕೇಳಿದರೆ ಮಾತ್ರ ಉತ್ತರ ಹೇಳಿ." ಸುಲಭ ಅಂದುಕೊಂಡಿದ್ದೆ. ಅವತ್ತು ಒಬ್ಬ ಹುಡುಗ ತೆಂಗಿನ ಗೆರಟೆ ಒಂದರ ಮೇಲೊಂದು ಇಡುತ್ತಿದ್ದ. ಬೀಳುತ್ತಿತ್ತು. ಮತ್ತೆ ಇಡುತ್ತಿದ್ದ. ನನ್ನ ಕೈ ತಾನಾಗೇ ಮುಂದೆ ಹೋಯಿತು. ಅಕ್ಕ ದೂರದಿಂದ ತಲೆ ಅಲ್ಲಾಡಿಸಿದರು. ಏಳನೇ ಸಲಕ್ಕೆ ಅವನು ಎಲ್ಲವನ್ನೂ ಬೋರಲು ಹಾಕಿ ಇಟ್ಟ. ನಿಂತಿತು. ನಾನು ಕೈ ಹಾಕಿದ್ದರೆ ಆ ಏಳನೇ ಸಲ ಅವನಿಗೆ ಸಿಗುತ್ತಿರಲಿಲ್ಲ.

ಇನ್ನು ಮರದ ತುಂಡುಗಳ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನನ್ನ ಕಸುಬು ಅಲ್ವಾ.

ನಮ್ಮ ಗುಂಪಿನಲ್ಲಿ ಒಬ್ಬ ತಾಯಿ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅವರು ಒಂದು ಚೀಟಿಯಲ್ಲಿ ಅಳತೆ ಬರೆದು ತಂದರು. ಉದ್ದ 5½ ಇಂಚು, ಅಗಲ 2¾ ಇಂಚು, ದಪ್ಪ 1⅜ ಇಂಚು. ನಮ್ಮ ಲೆಕ್ಕದಲ್ಲಿ ದಪ್ಪ ಒಂದು ಇಂಚು ಮೂರು ನೂಲು. ಓದಿದ ತಕ್ಷಣ ಅದರ ಗುಟ್ಟು ನನಗೆ ಹೊಳೆಯಿತು. ದಪ್ಪದ ಎರಡರಷ್ಟು ಅಗಲ, ಅಗಲದ ಎರಡರಷ್ಟು ಉದ್ದ. ಹೇಗೆ ತಿರುಗಿಸಿ ಇಟ್ಟರೂ ಒಂದಕ್ಕೊಂದು ಹೊಂದುತ್ತದೆ. ಇದು ಕ್ಯಾರೊಲಿನ್ ಪ್ರ್ಯಾಟ್ ಎನ್ನುವ ಅಮೆರಿಕದ ಟೀಚರ್ ನೂರು ವರ್ಷಕ್ಕೂ ಹಿಂದೆ ಮಾಡಿದ ಅಳತೆಯಂತೆ. ಅವರು ಮರಗೆಲಸ ಕಲಿತು, ಕಲಿಸಿದವರು. 1914ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮದೇ ಶಾಲೆ ತೆರೆದರು. ಕಸುಬು ಗೊತ್ತಿದ್ದವರ ಅಳತೆ ಎಂದು ನೋಡಿದರೇ ತಿಳಿಯುತ್ತದೆ.

ಅವರಿಗೂ ಮುಂಚೆ, 1837ರಲ್ಲಿ, ಜರ್ಮನಿಯಲ್ಲಿ ಫ್ರೋಬೆಲ್ ಎನ್ನುವವರು ಸಣ್ಣ ಮಕ್ಕಳಿಗಾಗಿಯೇ ಶಾಲೆ ಶುರು ಮಾಡಿದ್ದರು. ಅಲ್ಲಿಯೂ ಮರದ ತುಂಡು, ಚೆಂಡು, ಹಾಡು, ತೋಟದ ಕೆಲಸ. ಕಿಂಡರ್‌ಗಾರ್ಟನ್ ಎಂಬ ಹೆಸರು ಇಟ್ಟವರು ಅವರೇ. ಮಕ್ಕಳ ತೋಟ ಎಂದು ಅರ್ಥ. ಎಲ್‌ಕೆಜಿ, ಯುಕೆಜಿಯ ಕೊನೆಯಲ್ಲಿರುವ 'ಕೆಜಿ' ಇದೇ ಎಂದು ತಿಳಿದಾಗ ನನಗೆ ಸಂಕಟವಾಯಿತು. ಆ ತೋಟಕ್ಕೆ ಸೇರಿಸಲು ಹೋಗಿ ತಾನೇ ನನ್ನ ಮಗಳು ಪರೀಕ್ಷೆ ಬರೆದದ್ದು?

ಅಂಗಡಿಯಲ್ಲಿ ಉಳಿದ ಹಲಸು, ಅಕೇಶಿಯಾ ತುಂಡುಗಳನ್ನು ಆ ಅಳತೆಗೆ ಕೊಯ್ದೆ. ಅರ್ಧ ಉದ್ದದ್ದು, ಪೂರ್ತಿ ಉದ್ದದ್ದು, ಎರಡರಷ್ಟು ಉದ್ದದ್ದು. ಒಟ್ಟು 120. ಮೂಲೆಗಳನ್ನು ಪಾಲಿಶ್ ಪೇಪರ್ ಹಾಕಿ ಉಜ್ಜಿದೆ. ಬಣ್ಣ, ವಾರ್ನಿಶ್ ಹಚ್ಚಲಿಲ್ಲ. ಸಣ್ಣವರು ಬಾಯಿಗೆ ಹಾಕುತ್ತಾರೆ.

ಒಂದು ಬುಧವಾರ ಇಬ್ಬರು ಕೊಟ್ಟಿಗೆ ಕಟ್ಟುತ್ತಿದ್ದರು. ಒಂದು ಗೋಡೆಗೆ ಉದ್ದ ತುಂಡು ಇಟ್ಟರು. ಇನ್ನೊಂದು ಗೋಡೆಗೆ ಉದ್ದದ್ದು ಮುಗಿದಿತ್ತು. ಹುಡುಗ ಸ್ವಲ್ಪ ಹೊತ್ತು ಬುಟ್ಟಿ ನೋಡಿದ. ಎರಡು ಸಣ್ಣ ತುಂಡು ತಂದು ತುದಿಗೆ ತುದಿ ತಾಗಿಸಿದ. ಬಗ್ಗಿ, ಕೆನ್ನೆ ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿದ. ನಾನು ಹಲಗೆ ನೆಟ್ಟಗಿದೆಯಾ ಅಂತ ನೋಡುವುದು ಹಾಗೆಯೇ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಪಕ್ಕದವಳಿಗೆ ಹೇಳಿದ: "ಎರಡು ಮರಿ ಸೇರಿದ್ರೆ ಒಂದು ಅಮ್ಮ." ಅವಳು ಅತಿ ಉದ್ದದ ತುಂಡು ಎತ್ತಿ ತೋರಿಸಿದಳು. "ಹಾಗಾದ್ರೆ ಇದು ಅಜ್ಜಿ." ಇಬ್ಬರೂ ಅಜ್ಜಿಯ ಪಕ್ಕ ಮರಿಗಳನ್ನು ಸಾಲಾಗಿ ಇಟ್ಟರು. ನಾಲ್ಕು ಹಿಡಿಸಿದವು. ಅರ್ಧ, ಒಂದು, ಎರಡು ಎನ್ನುವ ಪಾಠ ಆವತ್ತು ಹತ್ತು ನಿಮಿಷದಲ್ಲಿ ಆಯಿತು. ಬೋರ್ಡಿಲ್ಲ, ಬಾಯಿಪಾಠವಿಲ್ಲ. ಈಗ ಎಲ್ಲ ಮಕ್ಕಳೂ ಆ ತುಂಡುಗಳನ್ನು ಮರಿ, ಅಮ್ಮ, ಅಜ್ಜಿ ಎಂದೇ ಕರೆಯುವುದು.

ಕೈ ವಿಷಯವೂ ಇದೆ. ನನ್ನ ಅಪ್ಪ ನನಗೆ ಉಳಿ ಕೊಡುವ ಮುಂಚೆ ಒಂದು ವರ್ಷ ಬರೀ ಹಲಗೆ ಹಿಡಿಸಿದರು, ಉಜ್ಜಿಸಿದರು. ಕೈಗೆ ಹದ ಬರಲಿ ಎನ್ನುತ್ತಿದ್ದರು. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವು ಗಟ್ಟಿ ಮೂಳೆಯಾಗಿರುವುದಿಲ್ಲ, ಮೆತ್ತಗಿರುತ್ತವೆ. ವರ್ಷ ಕಳೆದಂತೆ ಒಂದೊಂದೇ ಗಟ್ಟಿಯಾಗುತ್ತಾ ಬರುತ್ತವೆ. ಎಂಟನೆಯದು ಗಟ್ಟಿಯಾಗಲು ಶುರುವಾಗುವುದೇ ಎಂಟರಿಂದ ಹನ್ನೆರಡು ವರ್ಷದ ನಡುವೆ. ಆ ಕೈಗೆ ಮೂರು ವರ್ಷಕ್ಕೇ ನಾಲ್ಕು ಗೆರೆಯ ಕಾಪಿ ಪುಸ್ತಕ ಯಾಕೆ? ನಮ್ಮಲ್ಲಿ ಮಕ್ಕಳು ಚಪಾತಿ ಹಿಟ್ಟು ನಾದುತ್ತಾರೆ. ಅವರೆಕಾಳು ಸುಲಿಯುತ್ತಾರೆ. ಜೇಡಿಮಣ್ಣಿನಲ್ಲಿ ಹಣತೆ ಮಾಡುತ್ತಾರೆ. ಮಳೆಗಾಲದಲ್ಲಿ ಜಗಲಿ ಮೇಲೆ ಚೆನ್ನೆಮಣೆ ಇಡುತ್ತೇವೆ. 14 ಗುಳಿ, ಗುಳಿಗೆ ನಾಲ್ಕು ಹುಣಸೆಬೀಜ. ಒಂದೊಂದೇ ಬೀಜ ಬೆರಳ ತುದಿಯಲ್ಲಿ ಹಿಡಿದು ಬಿಡುವಾಗ ಪೆನ್ಸಿಲ್ ಹಿಡಿಯುವ ಬೆರಳು ತಾನಾಗೇ ತಯಾರಾಗುತ್ತದೆ. ಎಣಿಕೆಯೂ ಆಗುತ್ತದೆ.

ಅಂಗಡಿ ಆಟ ನೋಡಬೇಕು ನೀವು. ನಮ್ಮ ಮಕ್ಕಳದ್ದು ಕಿರಾಣಿ ಅಂಗಡಿ ಅಲ್ಲ, ಅಡಿಕೆ ಮಂಡಿ. ಸುಲಿದ ಅಡಿಕೆ, ಕಾಡಿನ ಕಾಯಿ, ಕಲ್ಲು ಎಲ್ಲ ಗುಡ್ಡೆ ಹಾಕಿ ಬೇರೆ ಬೇರೆ ಮಾಡುತ್ತಾರೆ. ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು. ಅಡಿಕೆಯ ಬಗೆಗಳ ಈ ಹೆಸರೆಲ್ಲ ಮನೆಯಲ್ಲಿ ಕೇಳಿದ ಮಾತು. ಬಣ್ಣ, ಗಾತ್ರ, ನುಣುಪು ನೋಡಿ ಬೇರೆ ಮಾಡುವುದು ಎಷ್ಟು ದೊಡ್ಡ ಕಲಿಕೆ ಎಂದು ಅಡಿಕೆ ಆರಿಸಿ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ.

ಆ ಆಟದಲ್ಲೇ ಒಂದು ಘಟನೆ ಆಯಿತು. ರಬ್ಬರ್ ತೋಟದ ಕೆಲಸಕ್ಕೆ ಬಂದ ಒಂದು ಕುಟುಂಬದ ಹುಡುಗಿ ನಮ್ಮಲ್ಲಿದ್ದಾಳೆ. ಮನೆಯಲ್ಲಿ ಮಲಯಾಳಂ. ಎರಡು ತಿಂಗಳು ಒಂದು ಮಾತೂ ಆಡಲಿಲ್ಲ. ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಅಕ್ಕ ಒತ್ತಾಯ ಮಾಡಲಿಲ್ಲ. ಒಂದು ದಿನ ಮಂಡಿಯಲ್ಲಿ ದುಡ್ಡು ಕೊಡುವವರು ಯಾರೂ ಇರಲಿಲ್ಲ. ಅವಳು ಹೋಗಿ ಮಣೆ ಮೇಲೆ ಕೂತಳು. ನನ್ನ ಮಗಳು ಎಲೆಯ ನೋಟು ಚಾಚಿದಳು. ಅವಳು ಅದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟಳು. "ಚಿಲ್ರೆ ಇಲ್ಲ, ನಾಳೆ ಬಾ" ಎಂದಳು. ಅವಳ ಬಾಯಿಂದ ಬಂದ ಮೊದಲ ಕನ್ನಡ ಅದು. ಅಡುಗೆಮನೆಯಲ್ಲಿದ್ದ ಅವಳ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಅಲ್ಲಿದ್ದ ನಮಗೆಲ್ಲ ಕಣ್ಣಲ್ಲಿ ನೀರು.

ಎಲ್ಲವೂ ಸಲೀಸಾಗಿ ನಡೆದಿದೆ ಎಂದು ನಾನು ಹೇಳುವುದಿಲ್ಲ. ಅಡುಗೆ ಸರದಿ ಹಾಕುವಾಗ ಎರಡು ಮನೆಯವರು ಹಿಂದೇಟು ಹಾಕಿದರು. ತಮ್ಮ ಮಗುವಿಗೆ ಡಬ್ಬಿ ಕಳಿಸುತ್ತೇವೆ ಎಂದರು. ಯಾಕೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಆ ಸಭೆ ರಾತ್ರಿ ಹತ್ತರವರೆಗೆ ನಡೆಯಿತು. ಕೊನೆಗೆ ಒಬ್ಬ ಅಜ್ಜಿ ಎದ್ದು ಹೇಳಿದರು, ಎಲ್ಲ ಮಕ್ಕಳೂ ಒಂದೇ ಪಾತ್ರೆಯ ಗಂಜಿ ಉಣ್ಣಬೇಕು, ಇಲ್ಲದಿದ್ದರೆ ನನ್ನ ಮೊಮ್ಮಗನನ್ನು ಕಳಿಸುವುದಿಲ್ಲ ಎಂದು. ಅಜ್ಜಿ ಹಿಂದೇಟು ಹಾಕಿದ ಮನೆಗಳಲ್ಲೇ ಒಂದರವರು. ಇನ್ನೊಂದು ಮನೆಯವರು ಬಿಟ್ಟು ಹೋದರು. ಆರು ತಿಂಗಳ ಮೇಲೆ ತಿರುಗಿ ಬಂದರು. ಈಗ ಆ ಮನೆಯವರೇ ಮಾಡುವ ಪತ್ರೊಡೆಗೆ ಮಕ್ಕಳು ಕಾಯುತ್ತಾರೆ.

ಅಡಿಕೆ ಕೊಯ್ಲಿನ ಎರಡು ಮೂರು ತಿಂಗಳು ಸರದಿಗೆ ಜನ ಸಿಗುವುದೇ ಕಷ್ಟ. ಅಜ್ಜ ಅಜ್ಜಿಯರು ಬಂದು ನಡೆಸುತ್ತಾರೆ. ಒಂದು ದಿನ ಯಾರೂ ಬರದೆ ಅಕ್ಕ ಒಬ್ಬರೇ 14 ಮಕ್ಕಳನ್ನು ನೋಡಿಕೊಂಡರು. ನಾವೆಲ್ಲ ತಲೆ ತಗ್ಗಿಸಿದೆವು. ಒಮ್ಮೆ ಅಡಿಕೆ ಹಾಳೆ ಮೇಲೆ ಕೂರಿಸಿ ಎಳೆಯುವಾಗ ಒಬ್ಬನ ತುಟಿ ಒಡೆಯಿತು. ಎರಡು ಹೊಲಿಗೆ ಬಿತ್ತು. ಅಂದು ಸಂಜೆಯೇ ಸಭೆ ಸೇರಿದೆವು. ಹಾಳೆ ಆಟ ನಿಲ್ಲಿಸಿ ಎಂದು ಕೆಲವರು ಕೇಳಿದರು. ಅಂಗಳದ ಕಲ್ಲು ತೆಗೆದು ಮಣ್ಣು ಹಾಕೋಣ, ಆಟ ಇರಲಿ ಎಂದು ಹೇಳಿದ್ದು ಆ ಹುಡುಗನ ಅಪ್ಪ. ಭಾನುವಾರ ಎಲ್ಲ ಸೇರಿ ಕಲ್ಲು ತೆಗೆದೆವು.

ಇದೆಲ್ಲ ನಮ್ಮ ಹೊಸ ಹುಚ್ಚು ಎಂದು ಊರಲ್ಲಿ ಕೆಲವರು ಅಂದುಕೊಂಡಿದ್ದಾರೆ. ಹೊಸದಲ್ಲ. ಅಮೆರಿಕದ ಷಿಕಾಗೊದಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರ ಪತ್ನಿಯರು ಸೇರಿ ಇಂಥ ಸಹಕಾರಿ ಶಿಶುವಿಹಾರ ಶುರು ಮಾಡಿದ್ದು 1916ರಲ್ಲಿ. ನ್ಯೂಜಿಲೆಂಡ್‌ನಲ್ಲಿ 1941ರಲ್ಲಿ, ಯುದ್ಧದ ನಡುವೆ, ತಾಯಂದಿರು ಸರದಿ ಮೇಲೆ ನಡೆಸುವ ಆಟದ ಕೇಂದ್ರಗಳು ಹುಟ್ಟಿದವು, ಇಂದಿಗೂ ಇವೆ. ಅಷ್ಟು ದೂರ ಯಾಕೆ ಹೋಗಬೇಕು? ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಶುರುವಾಗಿದ್ದು 1905ರಲ್ಲಿ. ಅಡಿಕೆಗೆ ಸರಿಯಾದ ಬೆಲೆ ಸಿಗಲಿ ಎಂದು ನಮ್ಮ ಹಿರಿಯರು ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಎಂಬ ಅಡಿಕೆ ಮಾರಾಟದ ಸಹಕಾರ ಸಂಘ ಕಟ್ಟಿದ್ದು 1939ರಲ್ಲಿ. ಅಡಿಕೆ ಮಾರಲು, ಹಾಲು ಹಾಕಲು, ಗೊಬ್ಬರ ತರಲು ನಾವು ಒಟ್ಟಿಗೆ ಸೇರುತ್ತೇವೆ. ಮಕ್ಕಳನ್ನು ಬೆಳೆಸಲು ಸೇರಿದರೆ ಮಾತ್ರ ಜನಕ್ಕೆ ವಿಚಿತ್ರ ಅನ್ನಿಸುತ್ತದೆ.

ಸರ್ಕಾರದ ಕಾಗದಗಳೂ ನಮ್ಮ ಪರವಾಗಿಯೇ ಇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ ಎನ್ನುತ್ತದೆ. ಆ ಹಂತಕ್ಕೆ 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟು ಆಟವನ್ನೇ ನಡುವೆ ಇಟ್ಟಿದೆ. ಶಾಲೆ ಶುರುವಾಗುವ ಮುಂಚಿನ ಮಕ್ಕಳಿಗೆ ಬಾಯಿಪರೀಕ್ಷೆಯಾಗಲಿ ಬರಹದ ಪರೀಕ್ಷೆಯಾಗಲಿ ಬೇಡ ಎಂದು ಕೇಂದ್ರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿಯ ಮಾರ್ಗಸೂಚಿಯೂ ಹೇಳಿದೆ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶಕ್ಕೆ ಮಗುವನ್ನು ಜರಡಿ ಹಿಡಿಯಬಾರದು ಎನ್ನುತ್ತದೆ. ಆದರೆ ಆ ಕಾಯ್ದೆಯಲ್ಲಿ ಮಗು ಎಂದರೆ 6ರಿಂದ 14 ವರ್ಷ. ನನ್ನ ಮಗಳ ವಯಸ್ಸಿನವರು ಆ ಬೇಲಿಯಿಂದ ಹೊರಗೆ ಉಳಿದಿದ್ದಾರೆ.

ಅವಸರ ಮಾಡಿದ್ದರ ಫಲ ನಾವು ಕಣ್ಣಾರೆ ಕಂಡಿದ್ದೇವೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮ 2025-26ಕ್ಕೆ ಬರುವಾಗ, ಬೇಗ ಬೇಗ ಎಲ್‌ಕೆಜಿಗೆ ಹಾಕಿದ್ದ ಎಷ್ಟೋ ಮಕ್ಕಳು ಯುಕೆಜಿ ಮುಗಿಸಿ ವಯಸ್ಸು ಸಾಲದೆ ನಿಂತರು. ಆ ಒಂದು ವರ್ಷಕ್ಕೆ 5 ವರ್ಷ 5 ತಿಂಗಳಿಗೆ ಸಡಿಲ ಮಾಡಬೇಕಾಯಿತು. ಒಂದು ವರ್ಷ ಮುಂಚೆ ಓಡಿಸಿ ಗಳಿಸಿದ್ದೇನು?

ಅಂಗನವಾಡಿಗೆ ಬದಲಾಗಿ ನಮ್ಮದು ಇರಲಿ ಎಂದು ನಾನು ಕೇಳುತ್ತಿಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಆ ಯೋಜನೆ ನಮ್ಮ ರಾಜ್ಯಕ್ಕೆ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಆಗಿನಿಂದ ಎಷ್ಟು ಮಕ್ಕಳಿಗೆ ಅನ್ನ, ಹಾಡು, ಕಥೆ ಕೊಟ್ಟಿದೆ! ಅಲ್ಲಿನ ಕಾರ್ಯಕರ್ತೆಯರ ಕೈಯಲ್ಲಿ 'ಚಿಲಿಪಿಲಿ' ಎಂಬ ಪಠ್ಯಕ್ರಮ ಇದೆ, ಅದೂ ಆಟದ ಪಾಠವೇ. ಮುಂದೆ ಸರ್ಕಾರಿ ಶಾಲೆಯಲ್ಲಿ ಚಟುವಟಿಕೆಯಿಂದ ಕಲಿಸುವ ನಲಿ ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊಳೆತದ್ದು. ಕನ್ನಡದ ಮಕ್ಕಳಿಗೆ ಆಟದಿಂದ ಕಲಿಸುವ ದಾರಿ ನಮ್ಮ ಮೇಷ್ಟ್ರುಗಳೇ ತೋರಿಸಿದ್ದಾರೆ. ನಡುವೆ ಪೆನ್ಸಿಲ್ ಹಿಡಿದು ನಿಂತವರು ದಾರಿ ಬಿಡಬೇಕು ಅಷ್ಟೆ.

ಹಾಗಾಗಿ ನಮ್ಮ ಜಿಲ್ಲೆಯ ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ. ಪ್ರವೇಶದ ತಿಂಗಳಲ್ಲಿ ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಿ. ಆರು ವರ್ಷದೊಳಗಿನ ಮಗುವಿಗೆ ಹಾಳೆ ಕೊಟ್ಟು ಬರೆಸಬಾರದು ಎಂದು ಸ್ಪಷ್ಟವಾಗಿ ಹೇಳಿ. ಬರೆಸಿದರೆ ಎಲ್ಲಿ ದೂರು ಕೊಡಬೇಕು ಎಂಬುದು ಶಾಲೆಯ ಬಾಗಿಲಲ್ಲೇ ಕಾಣುವಂತಿರಲಿ. ಮಹಿಳಾ ಮತ್ತು ಮಕ್ಕಳ ಇಲಾಖೆಯವರಲ್ಲಿ ಇನ್ನೊಂದು ಕೋರಿಕೆ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ. ಅದರ ಮೂಲಕ ವಾರಕ್ಕೆ ಒಂದು ದಿನ ತಂದೆ ತಾಯಂದಿರ ಸರದಿ ಶುರು ಮಾಡಿಸಿ. ಕಾರ್ಯಕರ್ತೆಗೆ ಕೆಲಸ ಜಾಸ್ತಿ ಮಾಡಲು ಅಲ್ಲ, ಅವರ ಜೊತೆ ಇನ್ನೊಂದು ಜೋಡಿ ಕೈ ಇರಲು. ಹಳ್ಳ ತುಂಬಿ ದಾರಿ ಕಟ್ಟುವ ನಮ್ಮಂಥ ಊರುಗಳಲ್ಲಿ ತಾಯಿ ತಂದೆಯರೇ ನಡೆಸುವ ಶಿಶುವಿಹಾರವನ್ನು ಸಂಘವೆಂದು ನೋಂದಾಯಿಸಿಕೊಳ್ಳಲು ಸುಲಭದ ಒಂದು ದಾರಿ ತೋರಿಸಿ.

ಮಗಳನ್ನು ಯುಕೆಜಿಗೆ ಸೇರಿಸಲಿಲ್ಲ. ಆರು ತುಂಬುವವರೆಗೆ ನಮ್ಮ ಶಿಶುವಿಹಾರದಲ್ಲೇ ಇರುತ್ತಾಳೆ. ಆಮೇಲೆ ಊರ ಸರ್ಕಾರಿ ಶಾಲೆ. ಅವಳು ಗೆರೆ ಎಳೆದ ಹಾಳೆಯನ್ನು ಆ ದಿನ ಕೇಳಿ ಇಸಕೊಂಡು ಬಂದಿದ್ದೆ. ಅದು ನನ್ನ ಅಂಗಡಿಯ ಗೋಡೆ ಮೇಲಿದೆ. ಬಂದವರೆಲ್ಲ ಅದೇನು ಎಂದು ಕೇಳುತ್ತಾರೆ. ಕಾಲುವೆ, ಕಟ್ಟ, ನಿಂತ ನೀರು ಎಂದು ಹೇಳುತ್ತೇನೆ.

ನಮ್ಮ ತಾಲ್ಲೂಕಿನ ಯಾವುದೇ ಅಂಗನವಾಡಿಗೆ ಮರದ ತುಂಡು ಬೇಕಿದ್ದರೆ ನಾನು ಕೊಯ್ದು ಕೊಡುತ್ತೇನೆ. ಒಂದು ಚೀಲಕ್ಕೆ ನಲವತ್ತು, ಮರಿ, ಅಮ್ಮ, ಅಜ್ಜಿ ಮೂರೂ ಸೇರಿ. ದುಡ್ಡು ಬೇಡ. ಆದರೆ ಉಜ್ಜುವ ಕೆಲಸಕ್ಕೆ ಆ ಊರಿನ ಇಬ್ಬರು ಅಪ್ಪಂದಿರು ಒಂದು ಸಂಜೆ ನನ್ನ ಅಂಗಡಿಗೆ ಬರಬೇಕು. ಪಾಲಿಶ್ ಪೇಪರ್ ನಾನೇ ತಂದಿಟ್ಟಿರುತ್ತೇನೆ.

ಇಂತಿ,
ಒಬ್ಬ ತಂದೆ, ಮರಗೆಲಸದವನು
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ